ನಲವತ್ತು ಗಂಟೆಯ ಸಮಾಜಸೇವೆ

ಡಿಸೆಂಬರಿನ ಒಂದು ರಾತ್ರಿ ಮಗರಾಯ ಸಾರನ್ನ ಕಲಸುತ್ತಾ, "ಅಪ್ಪಾ, ನನ್ನ ವಾಲಂಟಿಯರ್ ಅವರ್ಸ್ ಸ್ವಲ್ಪ ಕಮ್ಮಿ ಇದೆಯಂತೆ" ಅಂದ.

"ಸ್ವಲ್ಪ ಅಂದ್ರೆ?"

"ಮೂವತ್ನಾಲ್ಕು."

ಬೇಕಾದದ್ದೇ ಒಟ್ಟು ನಲವತ್ತು.

ನಾವಿರುವ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ 1999ರಿಂದ ಈ ನಿಯಮ ಇದೆ. ಹೈಸ್ಕೂಲ್ ಡಿಪ್ಲೊಮಾ ಕೈಗೆ ಬರಬೇಕಾದರೆ 40 ಗಂಟೆ ಪುಕ್ಕಟೆ ಸಮಾಜಸೇವೆ ಮಾಡಿರಬೇಕು. ಗಣಿತದಲ್ಲಿ ನೂರಕ್ಕೆ ನೂರು ಬಂದರೂ ಇದರಿಂದ ತಪ್ಪಿಸಿಕೊಳ್ಳೋಕಾಗಲ್ಲ. ಎಂಟನೇ ಗ್ರೇಡ್ ಮುಗಿದ ಬೇಸಿಗೆಯಲ್ಲೇ ಶುರು ಮಾಡಬಹುದು, ಹನ್ನೆರಡನೇ ಗ್ರೇಡಿನ ಕೊನೆವರೆಗೂ ಟೈಮ್ ಇರುತ್ತೆ. ನಮ್ಮವನು ಹನ್ನೆರಡನೇ ಗ್ರೇಡಿನ ಅರ್ಧಕ್ಕೆ ಬಂದಿದ್ದ. ಮಾಡಿದ್ದು ಆರು ಗಂಟೆ. ಅದೂ ಯಾವಾಗಲೋ, ಟೆರ್ರಿ ಫಾಕ್ಸ್ ಓಟದ ದಿನ. ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡ ಆ ಹುಡುಗ 1980ರಲ್ಲಿ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿದ್ದ. ಅವನ ಹೆಸರಿನ ಓಟದಲ್ಲಿ ನನ್ನ ಮಗ ಕುರ್ಚಿ ಮೇಲೆ ಕೂತು ನೀರಿನ ಲೋಟ ದಾಟಿಸಿದ್ದ.

"ನಾನು ಕಾಲೇಜಲ್ಲಿ ಎನ್‌ಎಸ್‌ಎಸ್ ಮಾಡಿದವನು ಕಣೋ. ಎರಡು ವರ್ಷಕ್ಕೆ 240 ಗಂಟೆ!" ಅಂತ ಗುಡುಗಿದೆ. ಮಂಡ್ಯದ ಹತ್ತಿರ ಹಳ್ಳಿಯಲ್ಲಿ ಏಳು ದಿನದ ಕ್ಯಾಂಪು, ಚರಂಡಿ ತೋಡಿದ್ದು, ಎಲ್ಲ ಹೇಳಿದೆ. ಹೇಳದೆ ಬಿಟ್ಟದ್ದೂ ಸ್ವಲ್ಪ ಇದೆ. ಚರಂಡಿ ತೋಡಿದ್ದು ನಾಲ್ಕೇ ಜನ. ಉಳಿದವರು ಗುದ್ದಲಿ ಹಿಡಿದು ಫೋಟೊಗೆ ನಿಂತಿದ್ದೆವು. ನಾವು ಬಸ್ಸು ಹತ್ತಿದ ಮೇಲೆ ಊರಿನ ಯಜಮಾನರು ಅದನ್ನು ಮುಚ್ಚಿಸಿದರಂತೆ, ನೀರೆಲ್ಲ ಅವರ ಹಿತ್ತಲಿಗೇ ಹೋಗುತ್ತಿತ್ತಂತೆ.

ಸರಿ, ನಿಯಮಗಳ ಕಾಗದ ತೆಗೆದು ಮೂವರೂ ಓದೋಕೆ ಕೂತೆವು. ಏನು ಮಾಡಬಹುದು ಅನ್ನೋದಕ್ಕಿಂತ ಏನು ಮಾಡಬಾರದು ಅನ್ನೋದೇ ಉದ್ದ ಇತ್ತು. ವಾಹನ ಓಡಿಸುವಂತಿಲ್ಲ. ಔಷಧಿ ಕೊಡುವಂತಿಲ್ಲ. ಒಡವೆ, ಪುರಾತನ ವಸ್ತು ಮುಟ್ಟುವಂತಿಲ್ಲ. ಹದಿನಾರು ತುಂಬದವರು ಗಣಿಗೆ ಇಳಿಯುವಂತಿಲ್ಲ. ಕೋರ್ಟು ಆಜ್ಞೆ ಮಾಡಿ ಮಾಡಿಸಿದ ಸೇವೆ ಲೆಕ್ಕಕ್ಕಿಲ್ಲ. ಇಲ್ಲಿಗೆ ಬಂದಾಗ ನನ್ನಾಕೆ ಮಗನ ಮುಖವನ್ನೊಮ್ಮೆ ನೋಡಿದಳು. ಆದರೆ ಅವನು ಎದ್ದು ನಿಂತು ಗಟ್ಟಿಯಾಗಿ ಓದಿದ್ದು ಒಂದೇ ಸಾಲು. ಮನೆಯ ಕೆಲಸ ಲೆಕ್ಕಕ್ಕೆ ಬರುವುದಿಲ್ಲ. ಅಂದಿನಿಂದ ಅವನು ತಿಂದ ತಟ್ಟೆ ಸಿಂಕಿನಲ್ಲೇ. ಕೇಳಿದರೆ "ಅವರ್ಸ್ ಸಿಗಲ್ಲಮ್ಮಾ" ಅಂತಾನೆ.

ಮೊದಲು ಸಿಕ್ಕಿದ್ದು ಫುಡ್ ಬ್ಯಾಂಕು. ಐದು ಶನಿವಾರ, ಮೂರು ಮೂರು ಗಂಟೆ. ಜನ ದಾನ ಕೊಟ್ಟ ಡಬ್ಬಿಗಳ ತಾರೀಕು ನೋಡಿ ವಿಂಗಡಿಸೋ ಕೆಲಸ. ಒಳಗೆ ಅವನು ಸೇವೆ ಮಾಡುವಾಗ ಹೊರಗೆ ನಾನು ಟಿಮ್ ಹಾರ್ಟನ್ಸಿನಲ್ಲಿ ಕಾಫಿ ಕುಡಿಯುತ್ತಾ ಕಾಯುತ್ತಿದ್ದೆ. ಮೂರನೇ ವಾರಕ್ಕೆ ಹುಡುಗನಿಗೆ ಆ ಕೆಲಸ ತಲೆಗೇರಿತು. ಮನೆಗೆ ಬಂದವನೇ ನಮ್ಮ ಅಡುಗೆಮನೆಯ ಕಪಾಟು ಇನ್ಸ್‌ಪೆಕ್ಷನ್ ಮಾಡಿದ. ತಾರೀಕು ಇಲ್ಲದ್ದೆಲ್ಲ ಕಸದ ಚೀಲಕ್ಕೆ. ಹೋದದ್ದು ಯಾವುದು? ನಮ್ಮತ್ತೆ ಮೈಸೂರಿನಲ್ಲಿ ಹುರಿದು, ಪುಡಿ ಮಾಡಿ, ಮೂರು ಕವರು ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟು ಕಳಿಸಿದ ಸಾರಿನ ಪುಡಿ, ಮೆಂತ್ಯದ ಹಿಟ್ಟು, ಚಟ್ನಿಪುಡಿ. ಮನೆಯಲ್ಲಿ ಎರಡು ದಿನ ಯಾರೂ ಜಾಸ್ತಿ ಮಾತಾಡಲಿಲ್ಲ. ಮೂರನೇ ದಿನ ಅತ್ತೆ ವಿಡಿಯೊ ಕಾಲ್ ಮಾಡಿ "ಪುಡಿ ಹೇಗಿದೆ?" ಅಂತ ಕೇಳಿದರು. ಹೆಂಡತಿ ಫೋನನ್ನು ನನ್ನ ಕೈಗೆ ಕೊಟ್ಟು ಮಹಡಿ ಹತ್ತಿದಳು.

ಆಮೇಲೆ ಬಂತು ಸಂಕ್ರಾಂತಿ. ನಮ್ಮ ಕಡೆಯ ಕನ್ನಡದವರ ಕಾರ್ಯಕ್ರಮ. ಊಟಕ್ಕೆ ಬಂದವರು ನೂರು ಜನ, ಗಂಟೆಗೋಸ್ಕರ ಬಂದ ಮಕ್ಕಳು ಇಪ್ಪತ್ತು. ಎಲ್ಲ ಅಪ್ಪಂದಿರೂ ನನ್ನ ಹಾಗೇ ಯೋಚನೆ ಮಾಡಿದ್ದರು! ಪೊಂಗಲ್‌ಗೆ ಒಬ್ಬ, ಗೊಜ್ಜಿಗೆ ಒಬ್ಬಳು, ಉಪ್ಪಿಗೆ ಒಬ್ಬ, ಉಪ್ಪು ಹಾಕಿಸಿಕೊಂಡರಾ ಅಂತ ಕೇಳೋಕೆ ಇನ್ನೊಬ್ಬ. ತಡವಾಗಿ ಹೋದ ನಮ್ಮವನಿಗೆ ಟಾಯ್ಲೆಟ್ ಯಾವ ಕಡೆ ಅಂತ ತೋರಿಸೋ ಕೆಲಸ ಸಿಕ್ಕಿತು. ಐದು ಗಂಟೆ ಕೈ ಚಾಚಿ ನಿಂತಿದ್ದ. ಪಾಪ, ಅವನ ಜೀವನದಲ್ಲಿ ಅಷ್ಟೊಂದು ಕನ್ನಡ ಮಾತಾಡಿದ್ದು ಅದೇ ಮೊದಲು. "ಎಡಕ್ಕೆ ಹೋಗಿ ಆಂಟಿ" ಅಂತ ಎಂಥಾ ಸ್ಪಷ್ಟ ಉಚ್ಚಾರಣೆ!

ಫಾರ್ಮಿಗೆ ಸಹಿ ಹಾಕಿದ್ದು ನಮ್ಮ ನಡುವಿನ ಹಿರಿಯರೊಬ್ಬರು. ಕಟ್ಟಾ ಕನ್ನಡಾಭಿಮಾನಿ. ಎಲ್ಲೇ ಆಗಲಿ, ಸಹಿ ಕನ್ನಡದಲ್ಲೇ. ಕೊಂಬು, ಒತ್ತು, ಕೆಳಗೆ ಎರಡು ಗೆರೆ, ನೋಡೋಕೆ ಚಂದ. ಶಾಲೆಯವರಿಗೆ ಮಾತ್ರ ಯಾರೋ ಪೆನ್ನು ಬರೆಯುತ್ತಾ ಅಂತ ಗೀಚಿ ನೋಡಿದ ಹಾಗೆ ಕಂಡಿತು. ಪರೀಕ್ಷೆ ಮಾಡೋಣ ಅಂತ ಫೋನ್ ಹಚ್ಚಿದರು.

ಈಗ ಆ ಹಿರಿಯರ ಕಷ್ಟವೂ ಹೇಳಬೇಕು. ಟ್ಯಾಕ್ಸ್ ಇಲಾಖೆ ಅಂತ ಸುಳ್ಳು ಹೇಳಿ, ಗಿಫ್ಟ್ ಕಾರ್ಡ್ ತಂದು ನಂಬರ್ ಓದು, ಇಲ್ಲಾಂದ್ರೆ ಜೈಲು ಅಂತ ಹೆದರಿಸೋ ಕಳ್ಳ ಫೋನುಗಳು ಕೆನಡಾದಲ್ಲಿ ಎಲ್ಲರಿಗೂ ಬಂದಿವೆ. ಆ ವಾರ ಅವರಿಗೆ ಎರಡು ಬಂದಿತ್ತಂತೆ. ಮೂರನೆಯದು ಶಾಲೆಯದು. ಒಬ್ಬ ಹೆಂಗಸು ಗಂಭೀರವಾದ ದನಿಯಲ್ಲಿ, "ನಿಮ್ಮ ಸಹಿ ಇರುವ ಒಂದು ಕಾಗದದ ವಿಷಯ" ಅಂದರು. ಇವರು, "ನಾನು ಎಲ್ಲೂ ಸಹಿ ಹಾಕಿಲ್ಲ. ಆ ಹುಡುಗ ಯಾರೋ ನನಗೆ ಗೊತ್ತಿಲ್ಲ. ಗಿಫ್ಟ್ ಕಾರ್ಡ್ ಕೊಡಲ್ಲ. ಇನ್ನೊಂದು ಸಲ ಮಾಡಿದ್ರೆ ಪೊಲೀಸರಿಗೆ ಹೇಳ್ತೀನಿ" ಅಂತ ಫೋನ್ ಕುಕ್ಕಿದರು.

ಮಾರನೇ ದಿನ ನನಗೆ ಶಾಲೆಯಿಂದ ಕರೆ ಬಂತು. ನಕಲಿ ಸಹಿಯ ಗುಮಾನಿ. ಹೋಗಿ ನಿಂತು, ಸಂಕ್ರಾಂತಿ, ಎಳ್ಳುಬೆಲ್ಲ, ಕನ್ನಡ ಲಿಪಿ ಎಲ್ಲ ವಿವರಿಸಿದೆ. ನಡುವೆ ಟಾಯ್ಲೆಟ್ ವಿಷಯ ಬಂದಾಗ ಆಕೆ ಪೆನ್ನು ಕೆಳಗಿಟ್ಟರು. ಕೊನೆಗೆ ಆ ಹಿರಿಯರೇ ಶಾಲೆಗೆ ಬಂದು, ಆಫೀಸಿನಲ್ಲಿ ಎಲ್ಲರೆದುರು ಇನ್ನೊಮ್ಮೆ ಸಹಿ ಹಾಕಿದರು. ಕನ್ನಡದಲ್ಲೇ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಹೆಸರು ಬರೆದದ್ದು ನನ್ನ ಮುಖ ನೋಡಿ.

ಇನ್ನೂ ಹದಿನಾಲ್ಕು ಗಂಟೆ ಬಾಕಿ. ಅದಕ್ಕೆ ದೇವರೇ ಸ್ನೋ ಬೀಳಿಸಿದ. ಎದುರುಮನೆಯಲ್ಲಿ ಒಬ್ಬರೇ ಇರೋ ಅಜ್ಜಿಯ ಡ್ರೈವ್‌ವೇ, ಅಂದ್ರೆ ಮನೆ ಮುಂದೆ ಕಾರು ನಿಲ್ಲಿಸೋ ಜಾಗ, ಚೊಕ್ಕ ಮಾಡಿದರೆ ಅದು ಸೇವೆ, ಲೆಕ್ಕಕ್ಕುಂಟು. ನಮ್ಮ ಡ್ರೈವ್‌ವೇ ಮನೆ ಕೆಲಸ, ಲೆಕ್ಕಕ್ಕಿಲ್ಲ. ಬ್ರ್ಯಾಂಪ್ಟನ್ನಿನ ಬೆಳಗಿನ ಆರೂವರೆಗೆ, ಮೈನಸ್ ಹದಿನೆಂಟರಲ್ಲಿ, ಮಗ ಆ ಕಡೆ ಶವೆಲ್ ಹಿಡಿದಿದ್ದ, ನಾನು ಈ ಕಡೆ. ಅಜ್ಜಿ ಬಾಗಿಲು ತೆಗೆದು ಅವನಿಗೆ ಬಿಸಿ ಕೋಕೊ ಕೊಟ್ಟರು. ನನಗೆ ಕೈ ಬೀಸಿದರು. ಆಗಲೇ ಮುನಿಸಿಪಾಲಿಟಿಯ ಗಾಡಿ ಬಂದು ರಸ್ತೆಯ ಹಿಮವನ್ನೆಲ್ಲ ನಾನು ಬಳಿದಿಟ್ಟ ಡ್ರೈವ್‌ವೇಯ ಬಾಯಿಗೇ ತಳ್ಳಿ ಹೋಯಿತು.

ಫೆಬ್ರವರಿಯ ಕೊನೆಗೆ ನಲವತ್ತೂ ಮುಗಿಯಿತು.

ಮುಂದಿನ ವಾರ ಮತ್ತೆ ಸ್ನೋ. ಕಿಟಕಿಯಲ್ಲಿ ನೋಡಿದರೆ ಮಗ ತಾನಾಗಿಯೇ ಎದ್ದು ಅಜ್ಜಿಯ ಮನೆ ಮುಂದೆ ಬಳಿಯುತ್ತಿದ್ದಾನೆ! ಗಂಟೆ ಬೇಡ, ಸಹಿ ಬೇಡ, ಯಾರೂ ಹೇಳಿಲ್ಲ. ನನಗೆ ಗಂಟಲು ಕಟ್ಟಿತು. ಅತ್ತೆಗೆ ಫೋನ್ ಮಾಡಿ "ನಿಮ್ಮ ಮೊಮ್ಮಗ ಎಂಥವನು ನೋಡಿ" ಅಂತ ಹೇಳಿದ್ದೂ ಆಯಿತು.

ಅರ್ಧ ಗಂಟೆಗೆ ಒಳಗೆ ಬಂದ. ಕೈಗವಸು ಬಿಚ್ಚಿ ಇಪ್ಪತ್ತು ಡಾಲರ್ ನೋಟು ಮೇಜಿನ ಮೇಲಿಟ್ಟ.

"ಇದೇನೋ?"

"ಅವರ್ಸ್ ಮುಗೀತಲ್ಲಪ್ಪ. ಇನ್ಮೇಲೆ ರೇಟ್."

"ನಮ್ಮದು ಹಾಗೇ ಇದೆಯಲ್ಲೋ?"

ಅವನು ಕಿಟಕಿಯಿಂದ ನಮ್ಮ ಡ್ರೈವ್‌ವೇಯನ್ನು ಒಮ್ಮೆ ನೋಡಿದ. "ಅದು ದೊಡ್ಡದಿದೆ. ಮೂವತ್ತಾಗುತ್ತೆ" ಅಂದ.