127ನೆಯ ವಾದ್ಯ

ನಮ್ಮ ಸೋದರತ್ತೆಯ ಮಗಳ ಆರತಕ್ಷತೆಯಲ್ಲಿ ಗುಂಡು ಹಾರಿಸಿದವನು ನಾನೇ ಎಂಬ ಮಾತು ಬಂಧುಬಳಗದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಮಾತು ಪೂರ್ತಿ ಸುಳ್ಳಲ್ಲವಾದ್ದರಿಂದ ಅಲ್ಲಗಳೆಯುವಂತಿಲ್ಲ. ನನ್ನ ಕೈಯಲ್ಲಿದ್ದದ್ದು ಬಂದೂಕಲ್ಲ, 32 ಕೆಬಿ ತೂಗುವ ಮಿಡಿ ಎಂಬ ಕಂಪ್ಯೂಟರ್ ಸಂಗೀತದ ಫೈಲೊಂದನ್ನು ಹೊತ್ತ ಫ್ಲಾಪಿ ಎಂದು ವಿವರಿಸಲು ಹೊರಟರೆ, ಕೇಳುವವರು ಎರಡನೆಯ ವಾಕ್ಯಕ್ಕೇ ಎಲೆಯಡಿಕೆಯ ತಟ್ಟೆಯ ಕಡೆಗೆ ಕೈ ಚಾಚುತ್ತಾರೆ. ಓದುಗರು ನಡುವೆ ಎದ್ದು ಹೋದರೂ ನನ್ನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಇಲ್ಲಿ ಧೈರ್ಯವಾಗಿ ಎಲ್ಲವನ್ನೂ ಹೇಳಿಬಿಡುತ್ತೇನೆ.

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದು ರಾಯಚೂರಿನ ತೀನ್ ಕಂದೀಲಿನ ಬಳಿಯ ಒಂದು ಅಟ್ಟವನ್ನು ಹತ್ತಿ ನನ್ನನ್ನು ತಲುಪುವ ಹೊತ್ತಿಗೆ 2000ನೆಯ ಇಸವಿ ಬಂದಿತ್ತು. ಕೆಳಗೆ ಪಾತ್ರೆ ಅಂಗಡಿ, ಮೇಲೆ ಮೂರು ಕಂಪ್ಯೂಟರುಗಳ ಸೈಬರ್ ಕೆಫೆ. ಗಂಟೆಗೆ 40 ರೂಪಾಯಿ. ಮೂರಕ್ಕೂ ಒಂದೇ ಟೆಲಿಫೋನ್ ತಂತಿಯಾದ್ದರಿಂದ ಒಬ್ಬನು ಚಿತ್ರ ತೆರೆದರೆ ಉಳಿದಿಬ್ಬರು ಕೈಕಟ್ಟಿ ಕುಳಿತುಕೊಳ್ಳಬೇಕಾಗಿತ್ತು. ನಾನು ಅಲ್ಲಿಗೆ ಹೋದದ್ದು ಕೆಲಸಕ್ಕೆ ಅರ್ಜಿ ಹಾಕುವ ಸಲುವಾಗಿಯೇ ಹೊರತು ಸಂಗೀತಕ್ಕಾಗಿ ಅಲ್ಲ. ಹುಡುಕುತ್ತಾ ಹುಡುಕುತ್ತಾ ದಾರಿ ತಪ್ಪಿ, ಯಾರು ಬೇಕಾದರೂ ಪುಕ್ಕಟೆಯಾಗಿ ಪುಟ ಕಟ್ಟಿಕೊಳ್ಳಬಹುದಾಗಿದ್ದ ಜಿಯೋಸಿಟೀಸ್‌ನಲ್ಲಿ ಯಾರೋ ಕಟ್ಟಿಕೊಂಡಿದ್ದ ಪುಟವೊಂದನ್ನು ತೆರೆದಾಗ, ಸ್ಪೀಕರಿನಿಂದ ಒಮ್ಮೆಲೇ ಬ್ಯಾಂಡ್‌ಸೆಟ್ ಎದ್ದು ಬಂದಿತು. ಅಟ್ಟದಲ್ಲಿದ್ದ ಎಲ್ಲರೂ ನನ್ನತ್ತ ತಿರುಗಿದರು. ನಿಲ್ಲಿಸುವ ಗುಂಡಿಗಾಗಿ ಪರದೆಯ ಮೂಲೆ ಮೂಲೆಯನ್ನೂ ತಡಕಾಡಿದೆ; ಅಂಥದ್ದೊಂದು ಇರಲೇ ಇಲ್ಲ. "ತಮ್ಮಾ, ಅರ್ಜಿ ಹಾಕಾಕ ಬಂದೀಯೋ, ಮೆರವಣಿಗಿ ತಗಿಯಾಕ ಬಂದೀಯೋ?" ಎಂದು ಕೆಫೆಯ ಅಣ್ಣ ಕೇಳಿದ.

ಅವಮಾನ ಆರಿದ ಮೇಲೆ ಕುತೂಹಲ ಉಳಿಯಿತು. ಬ್ರೌಸರು ತಾನು ಕಂಡದ್ದನ್ನೆಲ್ಲ ಗುಟ್ಟಾಗಿ ಕೂಡಿಡುವ ಕಡತದೊಳಗೆ ಇಣುಕಿ ನೋಡಿದಾಗ ಆ ಸಂಗೀತ ಅಲ್ಲಿಯೇ ಬಿದ್ದುಕೊಂಡಿತ್ತು: ಹೆಸರಿನ ಕೊನೆಗೆ ಮಿಡ್ ಎಂಬ ಬಾಲ, ಗಾತ್ರ 28 ಕೆಬಿ, ಅವಧಿ ಮೂರು ನಿಮಿಷ. ಅಂದಿನ ದಿನಗಳಲ್ಲಿ ಒಂದು ಎಂಪಿ3 ಹಾಡು ಎಂದರೆ ಸುಮಾರು 4 ಎಂಬಿ. ನಮ್ಮ ತಂತಿಯಲ್ಲಿ ಅದು ಇಳಿಯಲು ಇಪ್ಪತ್ತು ನಿಮಿಷಕ್ಕೆ ಕಡಿಮೆ ಹಿಡಿಯುತ್ತಿರಲಿಲ್ಲ, ಅಷ್ಟರೊಳಗೆ ತಂತಿ ಕಡಿದರೆ ಹದಿಮೂರು ರೂಪಾಯಿ ನೀರುಪಾಲು. ಇದಾದರೋ ಒಂದು ಆಕಳಿಕೆ ಮುಗಿಯುವುದರೊಳಗೆ ಇಳಿಯುತ್ತಿತ್ತು. 1.44 ಎಂಬಿಯ ಒಂದು ಫ್ಲಾಪಿಯಲ್ಲಿ ನಲವತ್ತು ಹಾಡು! ಚಿನ್ನ ಸಿಕ್ಕಿದ್ದು ಹಟ್ಟಿಯಲ್ಲಿ ಮಾತ್ರವಲ್ಲ, ತೀನ್ ಕಂದೀಲಿನ ಅಟ್ಟದ ಮೇಲೂ ಸಿಕ್ಕಿತೆಂದು ನಾನು ತಿಳಿದೆ.

ಮುಂದಿನ ಆರು ತಿಂಗಳು ನಾವು ನಾಲ್ವರು ಗೆಳೆಯರು ಮಿಡಿ ಫೈಲುಗಳ ಹುಚ್ಚಿಗೆ ಬಿದ್ದೆವು. ಭಾನುವಾರ ಒಬ್ಬೊಬ್ಬರೂ ಫ್ಲಾಪಿ ಹಿಡಿದು ಸೇರುವುದು, ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿಕೊಳ್ಳುವುದು, ನಡುವೆ ಮಿರ್ಚಿ ಭಜಿ. ಭಜಿಯ ಎಣ್ಣೆ ಮತ್ತು ನಮ್ಮೂರಿನ ಏಪ್ರಿಲ್ ತಿಂಗಳ ಬಿಸಿಲು, ಈ ಎರಡರಿಂದ ಎಷ್ಟು ಫ್ಲಾಪಿಗಳು ಸತ್ತವೋ ಲೆಕ್ಕವಿಲ್ಲ. ಅದಕ್ಕಾಗಿ ಇಮೇಲ್‌ನಲ್ಲಿ ಕಳಿಸಿಕೊಳ್ಳುವ ಪದ್ಧತಿಯನ್ನೂ ಆರಂಭಿಸಿದೆವು. ಆಗಿನ ಉಚಿತ ಅಂಚೆಪೆಟ್ಟಿಗೆಯ ಮಿತಿ 2 ಎಂಬಿ ಎಂಬುದನ್ನು ಮರೆತು, ಗೆಳೆಯನೊಬ್ಬನಿಗೆ ನಾನು ಒಂದೇ ರಾತ್ರಿ ಅರವತ್ತು ಹಾಡುಗಳನ್ನು ರವಾನಿಸಿದೆ. ಪೆಟ್ಟಿಗೆ ತುಂಬಿತು, ಮರುದಿನ ಅವನಿಗೆ ಬರಬೇಕಾಗಿದ್ದ ಸಂದರ್ಶನದ ಕರೆ ಜಾಗವಿಲ್ಲದೆ ಹಿಂದಿರುಗಿತು. ಅವನು ಈಗ ಸ್ವಂತ ಅಂಗಡಿ ಇಟ್ಟುಕೊಂಡು ನನಗಿಂತ ಸುಖವಾಗಿದ್ದಾನೆ. ಆದರೂ ನನ್ನಿಂದ ಬಂದ ಯಾವ ಕಡತವನ್ನೂ ತೆರೆಯುವುದಿಲ್ಲ.

ಈ ಸಂಪತ್ತನ್ನು ಮೊದಲು ಒಪ್ಪಿಸಿದ್ದು ನಮ್ಮ ಅತ್ತೆಯ ಮುಂದೆ. ವಿಜಯದಾಸರು ಹುಟ್ಟಿದ ಚೀಕಲಪರ್ವಿ, ಜಗನ್ನಾಥದಾಸರು ಬಾಳಿದ ಮಾನ್ವಿ ನಮ್ಮ ಜಿಲ್ಲೆಯವೇ ಆದ್ದರಿಂದ, ದಾಸರ ಪದಗಳ ವಿಷಯದಲ್ಲಿ ಅತ್ತೆಯ ಕಿವಿ ನ್ಯಾಯಾಧೀಶರ ಕಿವಿ. "ಅತ್ತಿ, ಮಿಡಿ ತಂದೀನಿ" ಎಂದೆ. "ಯಾರಿಗೋ? ನಮ್ಮ ಹುಡುಗಿ ಈಗ ಮಿಡಿ ಹಾಕ್ಕೊಳ್ಳೂದಿಲ್ಲ, ಸೀರೀನೇ ಉಡ್ತಾಳ" ಎಂದರು. ಅದು ಲಂಗದ ಮಿಡಿಯಲ್ಲ, ಉಪ್ಪಿನಕಾಯಿಯ ಮಿಡಿಯೂ ಅಲ್ಲ, ಹಾಡು ಎಂದು ತಿಳಿಹೇಳಿ, ಅವರ ಮಗಳ ಕಂಪ್ಯೂಟರಿನಲ್ಲಿ ಫ್ಲಾಪಿ ತುರುಕಿ, ಹಳೆಯ ಸಿನಿಮಾ ಹಾಡೊಂದನ್ನು ಹಚ್ಚಿದೆ. ಮುನ್ನುಡಿಯ ಪಿಟೀಲುಗಳು ಮುಗಿದವು. ಹಾಡುವವರು ಬಾಯಿ ತೆರೆಯಬೇಕಾದ ಜಾಗದಲ್ಲಿ ಕೊಳಲೊಂದು ಕೂಗಿತು. ಅತ್ತೆ ಕಾದರು. ಪಲ್ಲವಿ ಮುಗಿದರೂ ಕಾದರು. ಎರಡನೆಯ ಚರಣದ ಹೊತ್ತಿಗೆ, "ಬರೇ ಬಾಜಾದವ್ರೇ ಬಂದಾರಲ್ಲೋ, ಹಾಡೋರು ಎಲ್ಲಿ ಉಳಿದ್ರು?" ಎಂದು ಬಾಗಿಲ ಕಡೆ ನೋಡಿದರು.

ನನಗೂ ಅಂದೇ ತಿಳಿದದ್ದು: ಮಿಡಿ ಫೈಲಿನಲ್ಲಿ ಹಾಡುವವರಷ್ಟೇ ಅಲ್ಲ, ಬಾಜಾದವರೂ ಇರುವುದಿಲ್ಲ. ಅದರಲ್ಲಿ ಧ್ವನಿಯೇ ಇಲ್ಲ. ಕೀಬೋರ್ಡಿನ ಯಾವ ಮನೆಯನ್ನು ಯಾವ ಗಳಿಗೆಯಲ್ಲಿ ಒತ್ತಬೇಕು, ಎಷ್ಟು ಬಲವಾಗಿ ಒತ್ತಬೇಕು, ಯಾವಾಗ ಬಿಡಬೇಕು ಎಂಬ ಆಜ್ಞೆಗಳ ಪಟ್ಟಿ ಮಾತ್ರ ಇರುತ್ತದೆ. 28 ಕೆಬಿಯ ಗುಟ್ಟೂ ಅದೇ. ಒಟ್ಟಿನಲ್ಲಿ ಅದೊಂದು ಕಿರಾಣಿ ಚೀಟಿ. ಚೀಟಿಯಲ್ಲಿ ತೊಗರಿಬೇಳೆ ಎಂದು ಬರೆದಿದ್ದರೆ ಅಂಗಡಿಯಲ್ಲಿ ಎಂಥ ಬೇಳೆ ಇದೆಯೋ ಅಂಥದೇ ಬರುತ್ತದೆ, ಚೀಟಿಯನ್ನು ಬೈದು ಫಲವಿಲ್ಲ. ಕೆಫೆಯ ಕಂಪ್ಯೂಟರಿನಲ್ಲಿ ನಿಜವಾದ ವಾದ್ಯಗಳಿಂದ ಹಿಡಿದಿಟ್ಟ ಮಾದರಿ ಧ್ವನಿಗಳಿದ್ದುದರಿಂದ ಅಲ್ಲಿ ಸನಾದಿ ಸನಾದಿಯಂತೆಯೇ ಕೇಳುತ್ತಿತ್ತು. ಗೆಳೆಯನ ಡಿಟಿಪಿ ಅಂಗಡಿಯ ಹಳೆಯ ಯಂತ್ರದಲ್ಲಿದ್ದುದು, ಒಂದು ಅಲೆಯಿಂದ ಇನ್ನೊಂದು ಅಲೆಯನ್ನು ಅಲುಗಾಡಿಸಿ ನಾದ ಹುಟ್ಟಿಸುವ ಎಫ್‌ಎಂ ಚಿಪ್ಪು. ಅದೇ ಸನಾದಿ ಅಲ್ಲಿ ತಗಡಿನ ಡಬ್ಬಿಯೊಳಗೆ ಸಿಕ್ಕಿಕೊಂಡ ದುಂಬಿಯಾಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದಿದ್ದ ಹಿರಿಯರೊಬ್ಬರು ಎದ್ದು ಫ್ಯಾನನ್ನು ಪರೀಕ್ಷಿಸಿದರು.

ಈ ಚೀಟಿ ಪದ್ಧತಿಯನ್ನು ಆರಂಭಿಸಿದವರ ಬಗ್ಗೆ ನನಗೆ ಗೌರವವೇ ಇದೆ. ಅಮೆರಿಕದ ಡೇವ್ ಸ್ಮಿತ್, ಜಪಾನಿನ ಇಕುತಾರೊ ಕಾಕೆಹಾಶಿ ಇಬ್ಬರೂ ಪ್ರತಿಸ್ಪರ್ಧಿ ಕಂಪನಿಗಳವರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯಮೇಳವೊಂದರಲ್ಲಿ ಒಬ್ಬರ ಕೀಬೋರ್ಡಿಗೂ ಇನ್ನೊಬ್ಬರ ಕೀಬೋರ್ಡಿಗೂ ತಂತಿಯಿಂದ ಗಂಟು ಹಾಕಲಾಯಿತು. ಒಂದರ ಮೇಲೆ ಬೆರಳಿಟ್ಟರೆ ಇನ್ನೊಂದೂ ನುಡಿಯಿತು. ಬೀಗರಾದವರು ಇಷ್ಟು ಸುಲಭವಾಗಿ ಒಪ್ಪಂದಕ್ಕೆ ಬಂದ ಇನ್ನೊಂದು ಸಂಬಂಧ ನನಗೆ ಗೊತ್ತಿಲ್ಲ. ಅದಕ್ಕಾಗಿ 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಕೊಟ್ಟರು. ನನ್ನ ತಕರಾರು ಇರುವುದು 1991ರಲ್ಲಿ ಬಂದ ಜನರಲ್ ಮಿಡಿ ಎಂಬ ವಾದ್ಯಗಳ ಪಟ್ಟಿಯ ಮೇಲೆ. ಎಲ್ಲ ಯಂತ್ರಗಳಲ್ಲೂ ಒಂದು ಸಂಖ್ಯೆಗೆ ಒಂದೇ ವಾದ್ಯ ಬರಲಿ ಎಂಬ ಸದುದ್ದೇಶದಿಂದ 128 ವಾದ್ಯಗಳನ್ನು ಅದರಲ್ಲಿ ಗೊತ್ತುಮಾಡಿದರು. 105 ಸಿತಾರ್, 112 ಸನಾದಿ. ವೀಣೆಗೆ, ತಬಲಾಕ್ಕೆ, ಮೃದಂಗಕ್ಕೆ ಜಾಗವಿಲ್ಲ. ಆದರೆ 124 ಹಕ್ಕಿಯ ಚಿಲಿಪಿಲಿ, 125 ಟೆಲಿಫೋನಿನ ಗಂಟೆ, 126 ಹೆಲಿಕಾಪ್ಟರ್, 127 ಚಪ್ಪಾಳೆ, 128 ಬಂದೂಕಿನ ಸದ್ದು. ತಬಲಾ ಇಲ್ಲದ ಕಛೇರಿಯನ್ನು ಹೆಲಿಕಾಪ್ಟರಿನಿಂದ ಕಳೆಗಟ್ಟಿಸಬಹುದೆಂದು ಯಾರಿಗೆ ಹೊಳೆಯಿತೋ!

ಕೇಳುವುದರಿಂದ ತಿದ್ದುವುದಕ್ಕೆ ನಾನು ಭಡ್ತಿ ಪಡೆದದ್ದು ಇದೇ ಕಾಲದಲ್ಲಿ. ಮಿಡಿ ತಿದ್ದುವ ಒಂದು ಚಿಕ್ಕ ತಂತ್ರಾಂಶ ಸಿಕ್ಕಿತು. ಅದರಲ್ಲಿ ಅತ್ತೆ ಹಾಡುವ ದಾಸರ ಪದವೊಂದನ್ನು ಒಂದೊಂದೇ ಸ್ವರವಾಗಿ ಕೂಡಿಸಿದೆ. ಗಮಕಕ್ಕಾಗಿ ಸ್ವರವನ್ನು ಬಾಗಿಸುವ ಆಜ್ಞೆ ಇದೆ, ಅದರಲ್ಲಿ 16,384 ಮೆಟ್ಟಿಲುಗಳಿವೆ. ಆದರೆ ಸಾಮಾನ್ಯವಾಗಿ ಆ ಮೆಟ್ಟಿಲುಗಳೆಲ್ಲ ಸೇರಿ ಮೇಲಕ್ಕೆ ಎರಡು ಮನೆ, ಕೆಳಕ್ಕೆ ಎರಡು ಮನೆ ಮಾತ್ರ ಹತ್ತಿಳಿಯುತ್ತವೆ. ಮೂರು ರಾತ್ರಿ ಹತ್ತಿಳಿದ ಮೇಲೆ ಅತ್ತೆಗೆ ಕೇಳಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಗಡಿಯಾರಕ್ಕ ಭಕ್ತಿ ಬಂದ್ರ ಹಿಂಗ ಹಾಡ್ತದ ನೋಡು" ಎಂದರು. ಅಂದಿನಿಂದ ಸ್ವಂತ ರಚನೆಯನ್ನು ಬಿಟ್ಟು, ಬೇರೆಯವರು ಮಾಡಿದ್ದಕ್ಕೆ ಬಾಲಂಗೋಚಿ ಸೇರಿಸುವ ಕೆಲಸಕ್ಕೆ ಇಳಿದೆ. ಗುಂಡು ಹಾರಿದ್ದು ಆ ಬಾಲಂಗೋಚಿಯಲ್ಲಿ.

ಮದುವೆ ಮೇ ತಿಂಗಳಲ್ಲಿ. ಬೀಗರು ಸಿಂಧನೂರಿನ ಕಡೆಯವರು. ಆರತಕ್ಷತೆಗೆ ಆರ್ಕೆಸ್ಟ್ರಾ ಗೊತ್ತಾಗಿತ್ತು. ಅದರ ಕ್ಯಾಸಿಯೋ ಮಾಸ್ತರರ ಬಳಿ (ಯಾವ ಕಂಪನಿಯ ಕೀಬೋರ್ಡ್ ಆದರೂ ನಮ್ಮ ಕಡೆ ಅದು ಕ್ಯಾಸಿಯೋವೇ) ಫ್ಲಾಪಿ ಹಾಕಿದರೆ ತಾನೇ ನುಡಿಯುವ ವಾದ್ಯವಿತ್ತು. ಮಾಸ್ತರರು ಮೇಲೆ ಬೆರಳಾಡಿಸುತ್ತಾ ತೂಗುತ್ತಿದ್ದರೆ ಸಾಕು, ಒಳಗಿನ ಚೀಟಿ ಉಳಿದದ್ದನ್ನು ನೋಡಿಕೊಳ್ಳುತ್ತಿತ್ತು. ಈ ವೃತ್ತಿರಹಸ್ಯ ನನಗೆ ಗೊತ್ತಿದ್ದುದರಿಂದಲೇ, ವಧೂವರರು ವೇದಿಕೆ ಹತ್ತುವಾಗ ನುಡಿಸಲು ಅಂತರಜಾಲದಿಂದ ತಂದ ಸನಾದಿಯ ಮಂಗಳವಾದ್ಯವೊಂದನ್ನು ಕೊಡುತ್ತೇನೆಂದು ಒಪ್ಪಿಕೊಂಡೆ. ಸನಾದಿಯೇನೋ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಬಂಧುಗಳು ಚಪ್ಪಾಳೆ ತಟ್ಟುವುದರಲ್ಲಿ ಬಹಳ ಬಿಗಿ, ಊಟದ ಕೈ ತೊಳೆದ ಮೇಲೂ ತಟ್ಟುವುದಿಲ್ಲ. ಆದ್ದರಿಂದ ವಾದ್ಯ ಮುಗಿದೊಡನೆ ಫೈಲಿನಿಂದಲೇ ಚಪ್ಪಾಳೆ ಬಂದರೆ, ಅದನ್ನು ಕೇಳಿ ನಾಚಿಕೊಂಡಾದರೂ ಜನ ತಟ್ಟಿಯಾರು ಎಂದು ಯೋಚಿಸಿದೆ.

ಪಟ್ಟಿಯನ್ನು ಎದುರಿಗಿಟ್ಟುಕೊಂಡು 127 ಎಂದು ಒತ್ತಿದೆ. ಒಂದು ಸ್ವರ ಸಾಲದೆಂದು 16 ಸ್ವರಗಳನ್ನು ಸಾಲಾಗಿ ಜೋಡಿಸಿ, ಹರ್ಷ ಕ್ರಮೇಣ ಏರಬೇಕೆಂದು ಮೊದಲನೆಯದಕ್ಕೆ ಕಡಿಮೆ ಬಲ, ಕೊನೆಯದಕ್ಕೆ ಗರಿಷ್ಠ ಬಲ ಕೊಟ್ಟೆ. ಇನ್ನು ಕೇಳಿ ನೋಡುವುದೊಂದೇ ಬಾಕಿ. ಅಷ್ಟರಲ್ಲಿ ಹೊರಗೆ ಬಿರುಗಾಳಿ ಎದ್ದಿತು. ಕೃಷ್ಣೆಯ ದಡದ ಶಕ್ತಿನಗರದಿಂದ 1985ರಿಂದ ನಾಡಿಗೆಲ್ಲ ಕರೆಂಟು ಹೋಗುತ್ತಿದೆ ಎಂಬ ಹೆಮ್ಮೆ ನಮ್ಮ ಜಿಲ್ಲೆಯವರಿಗಿದ್ದರೂ, ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬಿದ್ದರೆ ಹೆಮ್ಮೆಯಿಂದ ದೀಪ ಉರಿಯುವುದಿಲ್ಲ. ಕೆಫೆ ಕತ್ತಲಾಯಿತು, ಯುಪಿಎಸ್ ಕೂಗತೊಡಗಿತು. "ಎರಡು ನಿಮಿಷ ಅಷ್ಟ ತಮ್ಮಾ, ಏನರ ಒಂದು ಮಾಡು" ಎಂದ ಅಣ್ಣ. ಕೇಳುವುದೋ, ಫ್ಲಾಪಿಗೆ ಇಳಿಸಿಕೊಳ್ಳುವುದೋ? ಮಾಸ್ತರರ ವಾದ್ಯ ಓದುತ್ತಿದ್ದುದು ಎಲ್ಲ ಸಾಲುಗಳನ್ನೂ ಒಂದೇ ಸಾಲಿಗೆ ಹೆಣೆದ ಸೊನ್ನೆ ಮಾದರಿಯ ಫೈಲನ್ನು ಮಾತ್ರ. ಆ ರೂಪಕ್ಕೆ ತಿರುಗಿಸಿ ಇಳಿಸಿಕೊಳ್ಳುವುದರಲ್ಲೇ ಎರಡು ನಿಮಿಷ ಮುಗಿಯಿತು.

ಆರತಕ್ಷತೆಯ ಸಂಜೆ ವಧೂವರರು ವೇದಿಕೆ ಹತ್ತಿದರು, ಸನಾದಿ ಮೊಳಗಿತು, ಬೀಗರ ಕಡೆಯ ಹಿರಿಯರೂ ತಲೆದೂಗಿದರು. ವಾದ್ಯ ಮುಗಿಯಿತೆಂದು ತಿಳಿದ ಮಾಸ್ತರರು ಕೀಬೋರ್ಡಿನಿಂದ ಕೈಯೆತ್ತಿ ಸಭೆಗೆ ನಮಸ್ಕರಿಸಿದರು. ಆಗ ಮೊದಲನೆಯ ಗುಂಡು ಹಾರಿತು. ಅದು ಮೆಲ್ಲಗಿದ್ದುದರಿಂದ ಹೊರಗೆಲ್ಲೋ ಟೈರು ಒಡೆಯಿತೆಂದುಕೊಂಡರು. ಎರಡನೆಯದು, ಮೂರನೆಯದು, ಒಂದಕ್ಕಿಂತ ಒಂದು ಜೋರಾಗಿ ಬಂದವು. ಆರನೆಯದಕ್ಕೆ ಸಾರಿನ ಬಕೆಟ್ ಹಿಡಿದವನು ಬಕೆಟ್ ಬಿಟ್ಟ. ಒಂಬತ್ತನೆಯದಕ್ಕೆ ವಿಡಿಯೋದವನು ಕ್ಯಾಮೆರಾದೊಂದಿಗೆ ಸೋಫಾದ ಹಿಂದೆ ಸೇರಿದ. ವರ ಮಾತ್ರ ವಧುವಿನ ಮುಂದೆ ಅಡ್ಡ ನಿಂತನೆಂದು ಅತ್ತೆ ಇಂದಿಗೂ ಹೊಗಳುತ್ತಾರೆ. ಅವನು ವಧುವಿನ ಹಿಂದೆ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೇಳುವ ಯೋಗ್ಯತೆ ಮಾತ್ರ ನನಗಿಲ್ಲ. ಅಷ್ಟು ಹೊತ್ತೂ ಮಾಸ್ತರರ ಎರಡು ಕೈಗಳೂ ನಮಸ್ಕಾರದಲ್ಲೇ ಜೋಡಿಸಿಕೊಂಡಿದ್ದವು. ವಾದ್ಯ ತಾನಾಗಿಯೇ ನುಡಿಯುತ್ತಿದೆ ಎಂಬ ಅವರ ವೃತ್ತಿರಹಸ್ಯ ಸಕಲ ಬಂಧುಗಳ ಎದುರಿಗೆ 16 ಗುಂಡುಗಳೊಂದಿಗೆ ಬಯಲಾಯಿತು. ಕೊನೆಯದು ಮುಗಿದು ಮೌನ ಆವರಿಸಿದ ಮೇಲೆ ಬೀಗರ ಹಿರಿಯರು ಅಪ್ಪನನ್ನು ಕರೆದು, "ನಿಮ್ಮ ಕಡಿ ಪಟಾಕಿ ಒಳಗ ಹೊಡೀತಾರೇನ್ರಿ?" ಎಂದು ವಿನಯದಿಂದಲೇ ಕೇಳಿದರು.

ಕಾರಣ ತಿಳಿದದ್ದು ಮರುದಿನ, ಕೆಫೆಯ ಅಟ್ಟದಲ್ಲಿ. ಪುಸ್ತಕದ ಪಟ್ಟಿ ಒಂದರಿಂದ 128ರವರೆಗೆ ಎಣಿಸುತ್ತದೆ. ಕಂಪ್ಯೂಟರು ಸೊನ್ನೆಯಿಂದ 127ರವರೆಗೆ ಎಣಿಸುತ್ತದೆ. ಮನುಷ್ಯರ 127 ಎಂದರೆ ಯಂತ್ರದ 126. ನಾನು ಯಂತ್ರಕ್ಕೆ 127 ಎಂದು ಹೇಳಿದ್ದರಿಂದ ಅದು ಪಟ್ಟಿಯ ಕಟ್ಟಕಡೆಯ ಬಾಗಿಲನ್ನು ತೆರೆದಿತ್ತು. ಚಪ್ಪಾಳೆಗೂ ಬಂದೂಕಿಗೂ ನಡುವೆ ಒಂದೇ ಸಂಖ್ಯೆಯ ಗೋಡೆ. ಇದನ್ನು ಕಾಗದದ ಮೇಲೆ ಬರೆದು ಅಪ್ಪನಿಗೆ ವಿವರಿಸಿದೆ. "ಸೊನ್ನಿಯಿಂದ ಎಣಸೋ ಮಂದಿ ಜೊತಿ ಸೇರಿದ್ರ ಹಿಂಗೇ ಆಗೂದು" ಎಂದು ಕಾಗದ ಮಡಚಿ ಹಿಂದಿರುಗಿಸಿದರು.

ಮಾಸ್ತರರು ಎರಡು ತಿಂಗಳು ನನ್ನೊಂದಿಗೆ ಮಾತು ಬಿಟ್ಟಿದ್ದರು. ಆಮೇಲೊಂದು ದಿನ ಅವರೇ ಮನೆಗೆ ಬಂದು, ಆ ಫ್ಲಾಪಿ ಬಿಸಿಲಿಗೆ ಕೆಟ್ಟಿದೆ, ಇನ್ನೊಂದು ನಕಲು ಬೇಕೆಂದು ಕೇಳಿದರು. ತಿದ್ದಿ ಕೊಡುತ್ತೇನೆ ಎಂದೆ. "ತಿದ್ದೀಗಿದ್ದೀಯ ತಮ್ಮಾ, ಹಂಗ ಇರ್ಲಿ" ಎಂದರು. ದೇವದುರ್ಗದ ಕಡೆಯ ಹಳ್ಳಿಯೊಂದರ ಜಾತ್ರೆಯ ನಾಟಕಕ್ಕೆ ಅವರು ಕ್ಯಾಸಿಯೋ ಒಪ್ಪಿಕೊಂಡಿದ್ದರು. ಕೊನೆಯ ಅಂಕದಲ್ಲಿ ನಾಯಕ ಖಳನಿಗೆ ಗುಂಡಿಕ್ಕಬೇಕು, ಪರದೆಯ ಹಿಂದೆ ಹಚ್ಚುವ ಪಟಾಕಿ ಪ್ರತಿ ಸಲವೂ ಟುಸ್ ಎನ್ನುತ್ತಿತ್ತಂತೆ. ನಕಲು ಮಾಡಿಕೊಟ್ಟೆ. ಒಂದೇ ಗುಂಡಿಗೆ ಬೀಳಬೇಕಾಗಿದ್ದ ಖಳನಾಯಕ, ಸದ್ದು ನಿಲ್ಲದಿದ್ದುದರಿಂದ ಯಾವುದಕ್ಕೆ ಬೀಳಬೇಕೆಂದು ತಿಳಿಯದೆ, ಒಂದೊಂದಕ್ಕೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಾ ಹದಿನಾರನೆಯದಕ್ಕೆ ವೇದಿಕೆಯ ಅಂಚಿನಿಂದ ಕೆಳಗುರುಳಿದನಂತೆ. ಅಂದು ಜನ ಐದು ನಿಮಿಷ ಎಡೆಬಿಡದೆ ಚಪ್ಪಾಳೆ ತಟ್ಟಿದರೆಂದು ಮಾಸ್ತರರು ಮರುದಿನ ಬಂದು ಹೇಳಿದರು.