ಪಟ್ಟಿ ಎಲ್ಲಿ?

ನಮ್ಮ ಜಗಲಿಯಿಂದ ಎರಡು ಗೋಣಿ ಚಾಲಿ ಅಡಿಕೆ ಕಾಣೆಯಾದ ದಿನ ಪಕ್ಕದ ಮನೆಯ ಅಣ್ಣ ಒಂದೇ ಮಾತು ಹೇಳಿದರು. "ಠಾಣೆಗೆಲ್ಲ ಯಾಕೆ ಮಾರಾಯ್ರೆ? ಕಾನತ್ತೂರಿಗೆ ಹೇಳಿ." ಕಾನತ್ತೂರು ಎಂದರೆ ನಮ್ಮ ಕಡೆಯ ನಾಲ್ವರ್ ದೈವಗಳ ಸ್ಥಾನ. ಕದ್ದವನ ಮೇಲೆ ಅಲ್ಲಿ ದೂರು ಹೇಳುತ್ತಾರೆ ಎಂದರೆ ಕಳ್ಳನಿಗೆ ನಡುಕ.

ನಾನು ಓದಿದವನು, ಅಲ್ವಾ? ಠಾಣೆಗೇ ಹೋದೆ. ದೂರು ಕನ್ನಡದಲ್ಲಿತ್ತು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕಾಸರಗೋಡಿನ ನಮ್ಮಂಥವರು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಯ್ದೆ ಠಾಣೆಯ ಮೆಟ್ಟಿಲು ಹತ್ತಿರಲಿಲ್ಲ, ಅಷ್ಟೇ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ಪೊಲೀಸರು ಕಾಗದವನ್ನು ಆಚೀಚೆ ತಿರುಗಿಸಿ ನೋಡಿ, ಓದಿ ಹೇಳಿ ಎಂದರು. ಓದಿದೆ. "ಕಳವಾದ ವಸ್ತುಗಳ ಪಟ್ಟಿ ಇದರ ಜೊತೆಗಿದೆ."

ಅವರು ಪೆನ್ನು ಕೆಳಗಿಟ್ಟರು. ಮೇಜಿನಡಿ ಬಗ್ಗಿ ನೋಡಿದರು. ನನ್ನ ಬೆನ್ನ ಹಿಂದೆ ನೋಡಿದರು. "ಪಟ್ಟಿ ಎವಿಡೆ?"

ಮಲಯಾಳದಲ್ಲಿ ಪಟ್ಟಿ ಎಂದರೆ ನಾಯಿ. ವಿವರಿಸಲು ಹೊರಟೆ. ನನ್ನ ಮಲಯಾಳ ಮೀನು ಮಾರ್ಕೆಟ್ಟಿನಲ್ಲಿ ಕಲಿತದ್ದು, ಚೌಕಾಶಿಗೆ ಸಾಕು, ಕಾನೂನಿಗೆ ಸಾಲದು. ಎಫ್‌ಐಆರ್ ಪ್ರತಿ ದೂರುದಾರನಿಗೆ ಪುಕ್ಕಟೆ ಕೊಡಬೇಕು, ಕೊಟ್ಟರು. ಮನೆಯಲ್ಲಿ ಭಾವನಿಂದ ಓದಿಸಿದೆ. ಎರಡು ಗೋಣಿ ಅಡಿಕೆ, ಒಂದು ನಾಯಿ.

ಮಹಜರಿಗೆ ಬಂದವರು ಜಗಲಿಯನ್ನು ಎರಡು ನಿಮಿಷ ನೋಡಿದರು. ನಾಯಿಯನ್ನು ಎಲ್ಲಿ ಕಟ್ಟುತ್ತಿದ್ದಿರಿ ಎಂದು ಮುಕ್ಕಾಲು ಗಂಟೆ ವಿಚಾರಿಸಿದರು. ನಾಯಿಯೇ ಇಲ್ಲ ಸಾರ್ ಎಂದೆ. "ಇಲ್ಲ ಅಂತ ಗೊತ್ತು. ಕಳವಾಗಿದೆಯಲ್ಲ."

2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ತನಿಖೆ ಎಲ್ಲಿಗೆ ಮುಟ್ಟಿತು ಎಂದು 90 ದಿನದೊಳಗೆ ದೂರುದಾರನಿಗೆ ತಿಳಿಸಬೇಕಂತೆ. ಒಳ್ಳೆಯ ಕಾನೂನು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಕುಳಿತೆ. ಒಂದು ಸಂಜೆ ಬೇಸರದಿಂದ ಚಾದಂಗಡಿಯಲ್ಲಿ ಸುಮ್ನೆ ಗಟ್ಟಿಯಾಗಿ ಹೇಳಿದೆ: "ಬರುವ ವಾರ ಕಾನತ್ತೂರಿಗೆ ಹೋಗಿಬರ್ತೇನೆ."

ಮೂರನೇ ದಿನ ಬೆಳಿಗ್ಗೆ ಒಂದು ಗೋಣಿ ಅಡಿಕೆ ಜಗಲಿಯಲ್ಲಿತ್ತು. ಬಾಯಿ ಕಟ್ಟಿದ ಹಗ್ಗ ಮಾತ್ರ ಹೊಸತು. ನಾಲ್ವರ್ ದೈವಗಳಿಗೆ ಠಾಣೆಯ ಸರಹದ್ದಿಲ್ಲ, ಅನುವಾದಕರೂ ಬೇಡ. ಇನ್ನೊಂದು ಗೋಣಿ ಕದ್ದವನು ಬಹುಶಃ ನನ್ನ ಹಾಗೆ ಓದಿದವನು.

ಸಿಕ್ಕಿದ್ದನ್ನು ಠಾಣೆಗೆ ಹೇಳಲಿಲ್ಲ. ಹೇಳಿದರೆ ಅದು ತೊಂಡಿ, ಅಂದರೆ ಕೇಸಿನ ಸಾಕ್ಷಿಗೆ ಜಪ್ತಿಯಾದ ಮಾಲು, ಆಗುತ್ತದೆ. ಕೇಸು ಮುಗಿಯುವಾಗ ನನಗೆ ಗೋಣಿ ಸಿಗಬಹುದು, ಅಡಿಕೆ ಹುಳಕ್ಕೆ. ನನ್ನದೇ ಅಡಿಕೆಯನ್ನು ಕಳ್ಳಮಾಲಿನ ಹಾಗೆ ಮಂಚದಡಿ ಬಚ್ಚಿಟ್ಟೆ.

89ನೇ ದಿನ ಫೋನ್ ಬಂತು. ನನಗೆ ಬೆವರು. ಆಚೆಯಿಂದ ಭಾರೀ ಹುರುಪಿನ ದನಿ: ಅಡಿಕೆಯ ಸುಳಿವಿಲ್ಲ, ಆದರೆ ನಾಯಿ ಪತ್ತೆಯಾಗಿದೆ, ಬಂದು ಗುರುತು ಹಿಡಿಯಿರಿ.

ಹೋದೆ. ಕಂದು ಬಣ್ಣ, ಒಂದು ಕಿವಿ ಅರ್ಧ ಇಲ್ಲ. ಇದು ನನ್ನದಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅದು ನನ್ನ ಕಾಲು ಮೂಸಿ ಬಾಲ ಅಲ್ಲಾಡಿಸಿತು.

ಪೊಲೀಸರು ರಿಜಿಸ್ಟರ್ ತಿರುಗಿಸಿ, ಸಹಿ ಹಾಕುವ ಜಾಗ ತೋರಿಸಿದರು.