ಹಲ್ಲಿಗೆ ದಾರಿ ತೋರಿಸುವುದು

ಗೋಡೆಯ ಮೇಲೆ ಹಲ್ಲಿ ಕಂಡರೆ ಮೊದಲು ಕೈ ಹೋಗುವುದು ಪೊರಕೆಗೆ. ಹಲ್ಲಿ ಓಡಿಸುವ ಕೆಲಸಕ್ಕೆ ಪೊರಕೆಯಷ್ಟು ದಂಡದ ಆಯುಧ ಇನ್ನೊಂದಿಲ್ಲ. ಬೀಸಿದ ಏಟು ಗೋಡೆಗೆ ತಾಗುವಷ್ಟರಲ್ಲಿ ಅದು ಟ್ಯೂಬ್‌ಲೈಟ್ ಪಟ್ಟಿಯ ಹಿಂದೆ ಸೇರಿ ಆಗಿರುತ್ತದೆ. ನಮಗೆ ಸಿಗುವುದು ಗೋಡೆಯ ಮೇಲೊಂದು ಗೀರು, ನೆಲದ ಮೇಲೆ ವಿಲವಿಲ ಒದ್ದಾಡುವ ಒಂದು ಬಾಲ. ಬಾಲ ಗುಡಿಸಿ ಹಾಕಲು ಪೊರಕೆ ಹೇಗೂ ಕೈಯಲ್ಲೇ ಇರುತ್ತದೆ, ಅಷ್ಟೇ ಲಾಭ.

ಗುಡಿಸುವ ಮುಂಚೆ ಆ ಬಾಲವನ್ನು ಒಂದು ನಿಮಿಷ ಬಗ್ಗಿ ನೋಡಬೇಕು. ಎಡಕ್ಕೆ ಬಲಕ್ಕೆ ಬಡಿದುಕೊಳ್ಳುತ್ತದೆ, ನಿಲ್ಲುತ್ತದೆ, ಮುಗಿಯಿತು ಅಂದುಕೊಳ್ಳುವಾಗ ಮತ್ತೆ ಟಣ್ಣನೆ ಜಿಗಿಯುತ್ತದೆ. ಈ ಕುಣಿತಕ್ಕೆ ತಲೆಯ ಅಪ್ಪಣೆ ಬೇಕಿಲ್ಲ, ಬಾಲದೊಳಗೆ ಉಳಿದ ಬೆನ್ನುಹುರಿಯ ತುಂಡೇ ಸಾಕು. ರಕ್ತ ಮಾತ್ರ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬಾಲದ ಮೂಳೆಮಣಿಗಳಲ್ಲಿ, ಅದೂ ಎರಡು ಮಣಿ ಕೂಡುವ ಕಡೆಯಲ್ಲಲ್ಲ, ಮಣಿಯ ಒಡಲಲ್ಲೇ, ಮುರಿಯಲೆಂದೇ ಒಂದು ಗೆರೆ ಹುಟ್ಟಿನಿಂದ ಇರುತ್ತದೆ. ಅಂಚೆಚೀಟಿಗಳ ನಡುವಿನ ತೂತುಸಾಲಿನ ಹಾಗೆ. ಹಲ್ಲಿ ಸ್ನಾಯು ಬಿಗಿದರೆ ಬಾಲ ಅಲ್ಲಿಗೇ ಕಳಚುತ್ತದೆ, ರಕ್ತನಾಳಗಳ ಬಾಯಿಯೂ ಜೊತೆಗೇ ಮುಚ್ಚಿಕೊಳ್ಳುತ್ತದೆ. ಹಾಗೆಂದು ಇದು ಅದಕ್ಕೆ ಪುಕ್ಕಟೆ ವ್ಯವಹಾರವಲ್ಲ. ಬಾಲವೆಂದರೆ ಹಲ್ಲಿಯ ಕೊಬ್ಬಿನ ಕಣಜ. ಹೊಸದಾಗಿ ಬೆಳೆಯುವ ಬಾಲದಲ್ಲಿ ಮೂಳೆಮಣಿಗಳೇ ಇಲ್ಲ, ಮೃದ್ವಸ್ಥಿಯ ಒಂದು ಕಡ್ಡಿ ಮಾತ್ರ. ಮುರಿಯುವ ಗೆರೆಯೂ ಅದರಲ್ಲಿಲ್ಲ. ಇನ್ನೊಮ್ಮೆ ಕಳಚಬೇಕಾದರೆ ಇನ್ನೂ ಮೇಲೆ, ಹಳೆಯ ಬಾಲ ಉಳಿದಿರುವ ಕಡೆಯೇ ಆಗಬೇಕು. ನಿಮ್ಮ ಗೋಡೆಯ ಹಲ್ಲಿಯ ಬಾಲ ಬುಡದಲ್ಲೊಂದು ಬಣ್ಣ, ತುದಿಯಲ್ಲೊಂದು ಬಣ್ಣವಿದ್ದು, ಮೋಟಾಗಿಯೂ ನುಣುಪಾಗಿಯೂ ಕಂಡರೆ ಅದಕ್ಕೆ ಪೊರಕೆಯದೋ ಬೆಕ್ಕಿನದೋ ಹಳೆಯ ಪರಿಚಯವಿದೆ ಎಂದೇ ಲೆಕ್ಕ.

ಹಲ್ಲಿಯನ್ನು ಸರಿಯಾಗಿ ನೋಡಲು ಗೋಡೆಗಿಂತ ಕಿಟಕಿಯ ಗಾಜು ಒಳ್ಳೆಯದು. ರಾತ್ರಿ ಹೊರಗಾಜಿಗೆ ಅಂಟಿ ಕೂತಾಗ ಒಳಗಿನಿಂದ ಅದರ ಹೊಟ್ಟೆ ಪೂರಾ ಕಾಣುತ್ತದೆ. ಚರ್ಮ ಎಷ್ಟು ತೆಳುವೆಂದರೆ, ಬಸುರಿ ಹಲ್ಲಿಯಾದರೆ ಎರಡು ಬಿಳಿ ಮೊಟ್ಟೆಗಳು ಅಕ್ಕಪಕ್ಕ ಮಲಗಿರುವುದು ಹೊರಗೇ ಇಟ್ಟಂತೆ ತೋರುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡೇ. ಕೆಲವು ಹೆಣ್ಣುಗಳ ಕತ್ತಿನ ಎರಡೂ ಪಕ್ಕ ಉಬ್ಬಿದ ಬಿಳಿ ಗಂಟುಗಳಿರುತ್ತವೆ. ರೋಗವಲ್ಲ, ಮೊಟ್ಟೆಚಿಪ್ಪಿಗೆ ಬೇಕಾದ ಸುಣ್ಣದ ಅಂಶದ ದಾಸ್ತಾನು. ಪಾದಗಳನ್ನು ನೋಡಿ: ಪ್ರತಿ ಬೆರಳಿನ ಕೆಳಗೆ ಅಡ್ಡಡ್ಡ ಮಡಿಕೆಗಳ ಸಾಲು. ಅಲ್ಲಿ ಅಂಟೂ ಇಲ್ಲ, ಗಾಳಿ ಎಳೆದು ಹಿಡಿಯುವ ಬಟ್ಟಲೂ ಇಲ್ಲ. ಮಡಿಕೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳು. ದೊಡ್ಡ ಜಾತಿಯಾದ ಟೋಕೆ ಹಲ್ಲಿಯ ಒಂದು ಪಾದದಲ್ಲಿ ಸುಮಾರು 5 ಲಕ್ಷ ಇವೆ, ಒಂದೊಂದರ ತುದಿಯೂ ನೂರಾರು ಕವಲಾಗುತ್ತದೆ. 2000ನೇ ಇಸವಿಯಲ್ಲಿ ವಿಜ್ಞಾನಿಗಳು ಅಂಥ ಒಂದೇ ಒಂದು ರೋಮದ ಹಿಡಿತವನ್ನು ಅಳೆದರು. ಅದು ಅಣುಗಳ ನಡುವಿನ ಬಲು ದುರ್ಬಲ ಸೆಳೆತದ, ವಾನ್ ಡರ್ ವಾಲ್ಸ್ ಬಲದ, ಕೆಲಸವೆಂದು 2002ರಲ್ಲಿ ತೋರಿಸಿದರು. ಹೆಜ್ಜೆ ಕೀಳುವಾಗ ಹಲ್ಲಿ ಬೆರಳನ್ನು ತುದಿಯಿಂದ ಮೇಲಕ್ಕೆ ಮಡಚಿ ಸುಲಿದುಕೊಳ್ಳುತ್ತದೆ. ಒದ್ದೆ ಪಾದಕ್ಕೆ, ಒಣಗಿದ ನಾನ್‌ಸ್ಟಿಕ್ ಬಾಣಲೆಯ ಮೈಗೆ ಈ ವಿದ್ಯೆ ನಡೆಯುವುದಿಲ್ಲ. ಮನೆ ತುಂಬ ಬಾಣಲೆ ಹೊದಿಸುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ ಗೋಡೆ ಹತ್ತದಂತೆ ತಡೆಯುವ ಯೋಚನೆಯನ್ನು ಇಲ್ಲಿಗೇ ಬಿಡಬಹುದು.

ತಡೆಯಬೇಕಾದದ್ದು ಬೇರೆ. ಹಲ್ಲಿ ನಮ್ಮನ್ನು ಹುಡುಕಿಕೊಂಡು ಬಂದದ್ದಲ್ಲ. ದೀಪಕ್ಕೆ ಹುಳ ಬಂತು, ಹುಳಕ್ಕೆ ಹಲ್ಲಿ ಬಂತು. ಬಾಗಿಲಿನ ನೆತ್ತಿಯ ಮೇಲೇ ಬೆಳ್ಳನೆಯ ದೀಪ ಹಾಕಿಸಿ, ಕೆಳಗೆ ಅರ್ಧ ಇಂಚು ಸಂದು ಬಿಟ್ಟು, ಹಲ್ಲಿ ಒಳಗೆ ಬಂತೆಂದು ಕೂಗುವುದು ಊಟಕ್ಕೆ ಕರೆದು ಬೈದ ಹಾಗೆ. ನೀಲಿ ಛಾಯೆಯ ಬಿಳಿ ಬೆಳಕಿಗೆ ಹುಳ ಹೆಚ್ಚು ಮುತ್ತುತ್ತವೆ, ಹಳದಿ ಬೆಳಕಿಗೆ ಕಡಿಮೆ. ಹೊರಗಿನ ದೀಪವನ್ನು ಹಳದಿಗೆ ಬದಲಿಸಿ, ಸಾಧ್ಯವಾದರೆ ಬಾಗಿಲಿಂದ ಎರಡು ಮೂರು ಮೀಟರ್ ದೂರಕ್ಕೆ ಸರಿಸಿ ಅಲ್ಲಿಂದ ಬಾಗಿಲ ಕಡೆ ಬೆಳಕು ಬೀಳುವಂತೆ ಮಾಡಿದರೆ ಹುಳಗಳ ಸಂತೆಯೂ ಅಲ್ಲಿಗೇ ಹೋಗುತ್ತದೆ. ಮುಸ್ಸಂಜೆಯ ಮೊದಲ ಒಂದು ಗಂಟೆ ಪರದೆ ಎಳೆಯುವುದು, ರಾತ್ರಿ ಜಿರಲೆಗೆ ಏನೂ ಸಿಗದಂತೆ ಅಡುಗೆಕಟ್ಟೆ ಒರೆಸಿಡುವುದು, ಇವೂ ಹಲ್ಲಿಯ ಮದ್ದುಗಳೇ. ಹಲ್ಲಿ ಇದ್ದರೆ ಸೊಳ್ಳೆ ಕಾಟವಿಲ್ಲ ಎನ್ನುವವರ ಮಾತಿಗೆ ಪೂರ್ತಿ ತಲೆಯಾಡಿಸಬೇಕಿಲ್ಲ. ಸೊಳ್ಳೆ ಎದುರು ಬಂದರೆ ತಿನ್ನುತ್ತದೆ ನಿಜ, ಆದರೆ ಪಕ್ಕದಲ್ಲಿ ಕೊಬ್ಬಿದ ಪತಂಗವಿದ್ದರೆ ಸೊಳ್ಳೆಯ ಬೆನ್ನು ಹತ್ತುವಷ್ಟು ಪೆದ್ದಲ್ಲ.

ಅದು ಎಲ್ಲಿ ಅಡಗಿದೆ ಎಂದು ತಿಳಿಯಲು ಕಣ್ಣನ್ನು ಗೋಡೆಯ ಮೇಲಲ್ಲ, ನೆಲದ ಮೇಲೆ ಓಡಿಸಬೇಕು. ಕರಿ ಕಾಳಿನಂಥ ಹಿಕ್ಕೆ, ಅದರ ಒಂದು ತುದಿಗೆ ಬಿಳಿ ಚುಕ್ಕೆ ಇದ್ದರೆ ಹಲ್ಲಿಯದು. ಬಿಳಿಯಿಲ್ಲದಿದ್ದರೆ ಇಲಿಯದಿರಬಹುದು, ಆ ಕಥೆಯೇ ಬೇರೆ. ಬಿಳಿ ಭಾಗ ಒಣಗಿದ ಯೂರಿಕ್ ಆಮ್ಲ, ಅಂದರೆ ಅದರ ಮೂತ್ರ. ಒಂದೇ ಕಡೆ ನಾಲ್ಕಾರು ಹಿಕ್ಕೆ ಬಿದ್ದಿದ್ದರೆ ಅಲ್ಲಿಂದ ನೆಟ್ಟಗೆ ಮೇಲೆ ನೋಡಿ. ಗಡಿಯಾರವೋ ಫೋಟೋ ಚೌಕಟ್ಟೋ ಪರದೆಯ ಕಂಬಿಯೋ, ಮನೆಯೊಡೆಯ ಅಲ್ಲೇ ಇದ್ದಾನೆ. ಒಣ ಹಿಕ್ಕೆಯನ್ನು ಉಗುರಿನಲ್ಲಿ ಕೆರೆಯಬಾರದು, ಒಣಬಟ್ಟೆಯಲ್ಲಿ ಉಜ್ಜಲೂ ಬಾರದು. ಉಜ್ಜಿದರೆ ಬಿಳಿ ಗೋಡೆಯ ಮೇಲೆ ಕಂದು ಬಾಲ ಎಳೆದಂತಾಗುತ್ತದೆ. ಸೋಪುನೀರಲ್ಲಿ ನೆನೆಸಿದ ಕಾಗದವನ್ನು ಐದು ನಿಮಿಷ ಅದರ ಮೇಲಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆದು, ಸೋಂಕುನಾಶಕದಿಂದ ಒರೆಸಿ, ಕೈ ತೊಳೆಯಬೇಕು. ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಮನೆಯ ಹಲ್ಲಿಯಿಂದ ನಿಜವಾಗಿ ಅಂಜಬೇಕಾದದ್ದು ಇದೊಂದಕ್ಕೇ. ವಿಷ ಅದರಲ್ಲಿಲ್ಲ, ವಿಷದ ಗ್ರಂಥಿಯೇ ಇಲ್ಲ. ಅಡುಗೆಯಲ್ಲಿ ಹಲ್ಲಿ ಬಿದ್ದರೆ ಅದನ್ನು ಚೆಲ್ಲಬೇಕಾದದ್ದೂ ಈ ಸೂಕ್ಷ್ಮಜೀವಿಯ ಕಾರಣಕ್ಕೆ. ಪಾತ್ರೆಗೆ ಮುಚ್ಚಳ, ತೊಳೆದ ತಟ್ಟೆ ಲೋಟಗಳನ್ನು ಬೋರಲು ಹಾಕುವುದು, ನೀರಿನ ತೊಟ್ಟಿಯ ಬಾಯಿ ಬಿಗಿಯಾಗಿ ಮುಚ್ಚುವುದು. ಇದಕ್ಕಿಂತ ದೊಡ್ಡ ವೈದ್ಯವಿಲ್ಲ.

ವೈದ್ಯವೆಂದರೆ ನೆನಪಾಯಿತು, ಬೆಳ್ಳುಳ್ಳಿ ಎಸಳು, ಮೆಣಸಿನ ನೀರು, ಕೋಳಿಮೊಟ್ಟೆಯ ಚಿಪ್ಪು, ನುಸಿಗುಳಿಗೆ ಎಂಬ ಚತುರಂಗ ಬಲವೊಂದಿದೆ. ಮೊಟ್ಟೆಚಿಪ್ಪು ಕಂಡರೆ ಹಲ್ಲಿ ಹೆದರುತ್ತದಂತೆ. ಹಲ್ಲಿಗಳು ಮೊಟ್ಟೆ ಇಡುವ ಬಿರುಕನ್ನು ಒಮ್ಮೆ ಬಿಡಿಸಿ ನೋಡಿದವರು ಇದನ್ನು ನಂಬುವುದಿಲ್ಲ. ಹಿಂದಿನ ಸಲ ಮರಿಯೊಡೆದ ಹಳೆಯ ಚಿಪ್ಪುಗಳ ಪಕ್ಕದಲ್ಲೇ ಹೊಸ ಮೊಟ್ಟೆ ಇರುತ್ತವೆ, ಹಲವು ಹೆಣ್ಣುಗಳು ಒಂದೇ ಬಿರುಕನ್ನು ಬಳಸುವುದೂ ಉಂಟು. ಮೆಣಸಿನ ನೀರು ಗೋಡೆಗೆ ಕಲೆ, ನಮ್ಮ ಕಣ್ಣಿಗೆ ಉರಿ. ನುಸಿಗುಳಿಗೆ ಹಲ್ಲಿಗಿಂತ ಮುಂಚೆ ಮಗುವಿನ ಬಾಯಿಗೆ ಹೋದೀತು, ಅದು ನಿಜವಾಗಿಯೂ ವಿಷ. ಜಿರಲೆಯ ಸ್ಪ್ರೇಯನ್ನು ಹಲ್ಲಿಯ ಮೇಲೆ ಹೊಡೆದರೆ ಅದು ಬೀರುವಿನ ಹಿಂದೆ ಹೋಗಿ ಸಾಯುತ್ತದೆ; ಮೂರನೇ ದಿನ ಇರುವೆ ಸಾಲು ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ. ಇನ್ನು ಅಂಟುಹಲಗೆ. ಇದರ ಬಗ್ಗೆ ತಮಾಷೆ ಬರುವುದಿಲ್ಲ. ಅದರಲ್ಲಿ ಸಿಕ್ಕ ಹಲ್ಲಿ ಕೂಡಲೇ ಸಾಯುವುದಿಲ್ಲ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಎಳೆದಾಡಿಕೊಂಡು ಚರ್ಮ ಹರಿದುಕೊಳ್ಳುತ್ತದೆ. ಬೇರೆಯವರು ಇಟ್ಟದ್ದರಲ್ಲಿ ಸಿಕ್ಕಿಬಿದ್ದದ್ದು ಕಂಡರೆ ಕೈಯಿಂದ ಕೀಳಬೇಡಿ. ಮೈ ಅಂಟಿದ ಅಂಚಿನುದ್ದಕ್ಕೂ ಅಡುಗೆ ಎಣ್ಣೆಯನ್ನು ಹನಿಹನಿ ಬಿಡಿ, ಮೂಗಿಗೆ ಸೋಕದಂತೆ ನೋಡಿಕೊಳ್ಳಿ. ಐದು ನಿಮಿಷ ಕಾದು, ಹತ್ತಿ ಸುತ್ತಿದ ಕಡ್ಡಿಯಿಂದ ಒಂದೊಂದೇ ಕಾಲು ಬಿಡಿಸಿ. ಎಣ್ಣೆ ಹತ್ತಿದ ಪಾದ ಗೋಡೆ ಹಿಡಿಯದು. ಮೆತ್ತಗಿನ ಕಾಗದದಿಂದ ಒರೆಸಿ, ಗಾಳಿಯಾಡುವ ಡಬ್ಬಿಯಲ್ಲಿ ಕಾಗದ ಹಾಸಿ ನೆರಳಲ್ಲಿ ಕೆಲವು ಗಂಟೆ ಇಟ್ಟು ಆಮೇಲೆ ಬಿಡಬೇಕು.

ಹಿಡಿದು ಹೊರಗೆ ಬಿಡಲು ಬೇಕಾದದ್ದು ಎರಡೇ: ಅಗಲ ಬಾಯಿಯ ಪಾರದರ್ಶಕ ಡಬ್ಬಿ, ಆಹ್ವಾನಪತ್ರಿಕೆಯಷ್ಟು ದಪ್ಪದ ಒಂದು ರಟ್ಟು. ಡಬ್ಬಿಯ ಬಾಯಿ 10ರಿಂದ 12 ಸೆಂಟಿಮೀಟರ್ ಇರಲಿ; ಬೆಳೆದ ಮನೆಹಲ್ಲಿ ಬಾಲ ಸೇರಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಸಣ್ಣ ಲೋಟವಾದರೆ ಅಂಚು ಬಾಲದ ಮೇಲೇ ಕೂರುತ್ತದೆ, ಮತ್ತೆ ನೆಲದ ಮೇಲೆ ಅದೇ ನಾಟ್ಯ. ಕೆಲಸಕ್ಕೆ ತಂಪಾದ ಬೆಳಗಿನ ಜಾವ ಪ್ರಶಸ್ತ, ಮೈ ಬಿಸಿಯೇರದ ಹಲ್ಲಿ ನಿಧಾನ. ಡಬ್ಬಿಯನ್ನು ಗಡಿಯಾರದ ಮುಳ್ಳಿನಷ್ಟು ನಿಧಾನವಾಗಿ ಹತ್ತಿರ ತಂದು ಕೊನೆಯ ಒಂದು ಗೇಣನ್ನು ಮಾತ್ರ ಥಟ್ಟನೆ ಮುಗಿಸಬೇಕು. ಆಮೇಲೆ ಅವಸರ ಬೇಡ. ರಟ್ಟನ್ನು ಗೋಡೆಗೆ ಒತ್ತಿ ಕೆಳಗಿನಿಂದ ಕೂದಲೆಳೆಯಷ್ಟಷ್ಟೇ ತಳ್ಳುತ್ತ ಹೋದರೆ ಹಲ್ಲಿ ತಾನೇ ಒಂದೊಂದು ಕಾಲೆತ್ತಿ ಅದರ ಮೇಲೆ ಇಡುತ್ತದೆ. ಒಂದೇ ಏಟಿಗೆ ತಳ್ಳಿ ಮುಗಿಸಿದರೆ ಅದರ ಬೆರಳೋ ಬಾಲವೋ ಸಿಕ್ಕಿಕೊಳ್ಳುತ್ತದೆ. ದಪ್ಪ ರಟ್ಟು ತೂರುವುದಿಲ್ಲ, ಬರೆಯುವ ಕಾಗದ ಸುಕ್ಕಾಗಿ ಸಂದು ಬಿಡುತ್ತದೆ. ಬಿಡುವುದು ನೆರಳಿನ ಗೋಡೆಯ ಬುಡಕ್ಕೋ ಮರದ ಕಾಂಡಕ್ಕೋ, ಬಿಸಿಲಿಗಲ್ಲ. ಚಾವಣಿಯಲ್ಲಿದ್ದರೆ ಡಬ್ಬಿಯ ಆಸೆ ಬಿಟ್ಟು, ಕೋಣೆಯ ದೀಪ ಆರಿಸಿ, ಹೊರಗಿನದನ್ನು ಹಚ್ಚಿ, ಕಿಟಕಿ ತೆರೆದು, ಉದ್ದ ಕೋಲಿಗೆ ಬಟ್ಟೆ ಕಟ್ಟಿ ಹಿಂದಿನಿಂದ ಮೆಲ್ಲಗೆ ದಾರಿ ತೋರಿಸುವುದು. ಬಿದ್ದರೂ ಅದಕ್ಕೆ ಅಷ್ಟಾಗಿ ಪೆಟ್ಟಾಗದು. ಚಪ್ಪಟೆಬಾಲದ ಮನೆಹಲ್ಲಿ ಅಂಗಾತ ಬಿದ್ದರೆ ಬಾಲ ತಿರುಗಿಸಿ, ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಗಾಳಿಯಲ್ಲೇ ಹೊರಳಿ ಕಾಲು ಕೆಳಗೆ ಮಾಡಿಕೊಳ್ಳುತ್ತದೆಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪೆಟ್ಟಾಗುವುದು ಕೆಳಗೆ ಬಾಯಿ ತೆರೆದು ಮೇಲೆ ನೋಡುತ್ತಿರುವವರಿಗೆ.

ಹಲ್ಲಿಯ ನೆಂಟರೂ ಒಮ್ಮೊಮ್ಮೆ ಬರುವುದುಂಟು, ಅವರ ಚಾಳಿ ಬೇರೆ. ಓತಿಕ್ಯಾತ ಹಗಲಿನವನು, ಬೇಲಿಯ ಸಾಕ್ಷಿ ಸಾಲದೆಂದು ಕಿಟಕಿ ಹತ್ತಿ ಒಳಗೆ ಬಂದು ಗಾಬರಿಯಾಗುತ್ತಾನೆ. ಅವನಿಗೆ ಗಾಜು ಹತ್ತಲು ಬರುವುದಿಲ್ಲ. ಉಳಿದ ಕಿಟಕಿಗಳಿಗೆ ಪರದೆ ಎಳೆದು ಒಂದನ್ನೇ ಬೆಳಕಿಗೆ ತೆರೆದಿಟ್ಟು ಜನ ಆಚೆ ಹೋದರೆ ತಾನೇ ಹೊರಡುತ್ತಾನೆ. ಹಾವುರಾಣಿ ನೆಲದವಳು, ಹೊಸ್ತಿಲ ಸಂದಿನಿಂದಲೇ ಬರುತ್ತಾಳೆ. ಹೆಸರಿನಲ್ಲಿ ಹಾವಿದ್ದು ಮೈ ಮಿರಿಮಿರಿ ಮಿಂಚುವುದೇ ಅವಳ ದುರದೃಷ್ಟ, ಎಷ್ಟೋ ಕಡೆ ಅಷ್ಟಕ್ಕೇ ಪ್ರಾಣ ಹೋಗುತ್ತದೆ. ಬಚ್ಚಲ ಬಕೆಟ್ಟಿನಲ್ಲಿ ಬಿದ್ದು ಮೇಲೇರಲಾರದೆ ಜಾರುತ್ತಿದ್ದರೆ, ಒರಟು ಟವೆಲೊಂದನ್ನು ಒಳಗೆ ಇಳಿಬಿಟ್ಟು ದೀಪ ಆರಿಸಿ ಬಂದರೆ ಆಯಿತು.

ವಿದ್ಯುತ್ತಿನ ಪೆಟ್ಟಿಗೆಗಳದ್ದು ಮಾತ್ರ ಹಗುರ ವಿಷಯವಲ್ಲ. ಕತ್ತಲು, ಬೆಚ್ಚನೆ, ಒಂದೆರಡು ಇರುವೆ: ಹಲ್ಲಿಗೆ ಇನ್ನೇನು ಬೇಕು? ಎರಡು ತಂತಿಮೊಳೆಗಳ ನಡುವೆ ಮೈಚಾಚಿದರೆ ಅದೂ ಸುಡುತ್ತದೆ, ಏಸಿಯ ಹೊರಘಟಕದ ಸರ್ಕ್ಯೂಟ್ ಬೋರ್ಡೂ ಸುಡುತ್ತದೆ. ಮೈನ್ ಆಫ್ ಮಾಡಿಸಿ, ಸ್ವಿಚ್‌ಬೋರ್ಡಿನ ಖಾಲಿ ಕಿಂಡಿಗಳಿಗೆ ಮುಚ್ಚುವ ಪ್ಲೇಟು, ಪೈಪಿನ ಬಾಯಿಗಳಿಗೆ ವಿದ್ಯುತ್ ಕೆಲಸಕ್ಕೆಂದೇ ಇರುವ ಮುಚ್ಚುಸಾಮಗ್ರಿ ಹಾಕಿಸುವುದು ಎಲೆಕ್ಟ್ರಿಷಿಯನ್ನನ ಕೆಲಸ, ನಮ್ಮದಲ್ಲ.

ನಮ್ಮ ಕೆಲಸ ಉಳಿದ ಸಂದುಗಳದ್ದು. ಪೆನ್ಸಿಲ್ ತೂರುವ ಕಡೆ ಹಲ್ಲಿ ತೂರುತ್ತದೆ. ಮರಿಗೆ ಅದರ ಅರ್ಧ ಸಾಕು. ಕದದ ಅಡಿಗೆ ರಬ್ಬರ್ ಪಟ್ಟಿ, ಜಾರುಕಿಟಕಿಯ ಹಳಿಗೆ ಬ್ರಷ್ ಪಟ್ಟಿ, ಹಳಿಯಲ್ಲಿರುವ ನೀರುತೂತಿಗೆ ಚೂರು ಜಾಲರಿ (ಅದನ್ನು ಪೂರ್ತಿ ಮುಚ್ಚಿದರೆ ಮಳೆನೀರು ಒಳಗೆ ಬರುತ್ತದೆ), ಎಕ್ಸಾಸ್ಟ್ ಫ್ಯಾನಿನ ಹೊರಮೈಗೆ ಸೊಳ್ಳೆಜಾಲರಿ, ಏಸಿಯ ಕೊಳವೆ ಗೋಡೆ ದಾಟುವ ಕಡೆ ಸಿಲಿಕೋನ್. ಮರೆಯುವ ಜಾಗ ಕದದ ಕೀಲಿನ ಸಂದು. ಮುಚ್ಚುವಾಗ ಹಲ್ಲಿ ಅರೆದುಹೋಗುವುದು ಅಲ್ಲೇ; ರಾತ್ರಿ ಕದ ಎಳೆಯುವ ಮುಂಚೆ ಒಂದು ಸಲ ತಟ್ಟಿದರೆ ಅದು ಸರಿದುಕೊಳ್ಳುತ್ತದೆ.

ಗೋಡೆಯ ತೂತಿಗೆ ಮಾತ್ರ ಕಂಡ ಕೂಡಲೇ ಸಿಮೆಂಟು ಮೆತ್ತಬಾರದು. ಹಲ್ಲಿ ಒಳಗೇ ಇದ್ದರೆ ಸಮಾಧಿ ಕಟ್ಟಿದ ಹಾಗೆ, ವಾಸನೆಯ ಸಮೇತ. ಮೊದಲು ಟಿಶ್ಯೂ ಕಾಗದದ ಒಂದು ಉಂಡೆಯನ್ನು ಸಡಿಲವಾಗಿ ತೂತಿಗೆ ಇಟ್ಟು ಎರಡು ರಾತ್ರಿ ಕಾಯಬೇಕು. ಉಂಡೆ ಕದಲದಿದ್ದರೆ ಮೂರನೇ ದಿನ ಧೈರ್ಯವಾಗಿ ಮುಚ್ಚಿ. ಬೆಳಗ್ಗೆ ಅದು ನೆಲದ ಮೇಲೆ ಬಿದ್ದಿದ್ದು, ಪಕ್ಕದಲ್ಲೊಂದು ಬಿಳಿತುದಿಯ ಹಿಕ್ಕೆಯೂ ಇದ್ದರೆ, ಸಿಮೆಂಟನ್ನು ಇನ್ನೊಂದು ವಾರ ಒಣ ಜಾಗದಲ್ಲಿ ಎತ್ತಿಡಿ.